ಮನೆಯ ಗಾಳಿನಾಳಗಳ ಸೋರಿಕೆ ಮತ್ತು ಅದನ್ನು ಮುಚ್ಚುವ ಕೆಲಸ

ಬಿಸಿ ಮಾಡಿದ ಅಥವಾ ತಂಪು ಮಾಡಿದ ಗಾಳಿಯನ್ನು ಒಂದೇ ಯಂತ್ರದಿಂದ ಮನೆಯ ಎಲ್ಲ ಕೋಣೆಗಳಿಗೂ ಹಂಚಿ, ಕೋಣೆಯ ಗಾಳಿಯನ್ನು ಮತ್ತೆ ಅದೇ ಯಂತ್ರಕ್ಕೆ ತಂದು ಸೇರಿಸುವ ಕೊಳವೆಗಳಿಗೆ ಗಾಳಿನಾಳ ಅಥವಾ ಡಕ್ಟ್ ಎನ್ನುತ್ತಾರೆ. ಈ ನಾಳಗಳ ಜೋಡಣೆ, ಕವಲು, ತಿರುವುಗಳಲ್ಲಿ ಉಳಿದ ಸಂದುಗಳನ್ನು ಹುಡುಕಿ, ಅಳೆದು, ಮುಚ್ಚುವ ಕೆಲಸ ಕಳೆದ ನಾಲ್ಕು ದಶಕಗಳಲ್ಲಿ ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಒಂದು ಪ್ರತ್ಯೇಕ ವಿದ್ಯೆಯಾಗಿ ಬೆಳೆದಿದೆ. ಅಲ್ಲಿನ ಮನೆಗಳ ರಚನೆಯೇ ಅದಕ್ಕೆ ಕಾರಣ. 2020ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಆ ದೇಶದ ಶೇ. 88ರಷ್ಟು ಮನೆಗಳಲ್ಲಿ ಏಸಿ ಇದೆ. ಸುಮಾರು ಮೂರನೇ ಎರಡು ಭಾಗ ಕುಟುಂಬಗಳದ್ದು ಇಡೀ ಮನೆಗೆ ಒಂದೇ ಯಂತ್ರವಿರುವ ಕೇಂದ್ರೀಯ ವ್ಯವಸ್ಥೆ. ಮನೆಯಲ್ಲಿ ಖರ್ಚಾಗುವ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಪಾಲು ಬಿಸಿ-ತಂಪು ಮಾಡುವುದಕ್ಕೇ ಹೋಗುತ್ತದೆ. ಹೀಗೆ ಖರ್ಚು ಮಾಡಿ ಸಿದ್ಧಪಡಿಸಿದ ಗಾಳಿಯಲ್ಲಿ ಶೇ. 20ರಿಂದ 30ರಷ್ಟು ಸಾಧಾರಣ ಮನೆಯೊಂದರಲ್ಲಿ ದಾರಿಯಲ್ಲೇ ಸೋರಿಹೋಗುತ್ತದೆ ಎಂಬುದು ಅಮೆರಿಕದ ಎನರ್ಜಿ ಸ್ಟಾರ್ ಯೋಜನೆಯ ಅಂದಾಜು.

ಈ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ನಲ್ಲಿ ಸೋರಿದರೆ ನೆಲ ಒದ್ದೆಯಾಗುತ್ತದೆ, ಗ್ಯಾಸ್ ಸೋರಿದರೆ ಮೂಗಿಗೆ ತಿಳಿಯುತ್ತದೆ. ಡಕ್ಟ್ ಸೋರಿದರೆ ಬಿಲ್ಲು ಏರುತ್ತದೆ, ಕೊನೆಯ ಕೋಣೆ ತಂಪಾಗುವುದಿಲ್ಲ, ಮನೆಯಲ್ಲಿ ಧೂಳು ಹೆಚ್ಚುತ್ತದೆ. ಇವೆಲ್ಲಕ್ಕೂ ಯಂತ್ರವೇ ಕಾರಣವೆಂದುಕೊಂಡು ಮನೆಯವರು ದೊಡ್ಡ ಯಂತ್ರ ಕೊಳ್ಳುತ್ತಾರೆ. ಸೋರಿಕೆ ಹಾಗೆಯೇ ಉಳಿಯುತ್ತದೆ.

ನಾಳಗಳು ಅಟ್ಟ ಸೇರಿದ ಬಗೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಉತ್ತರ ಭಾಗದ ಮನೆಗಳಲ್ಲಿ ಕಲ್ಲಿದ್ದಲಿನ ಫರ್ನೇಸ್ ನೆಲಮಾಳಿಗೆಯಲ್ಲಿರುತ್ತಿತ್ತು. ಬಿಸಿಗಾಳಿ ಹಗುರವಾದ್ದರಿಂದ ಅಗಲವಾದ ತಗಡಿನ ಕೊಳವೆಗಳಲ್ಲಿ ತಾನಾಗಿಯೇ ಮೇಲೇರುತ್ತಿತ್ತು. ಆ ಕೊಳವೆಗಳೂ ಸೋರುತ್ತಿದ್ದವು. ಆದರೆ ಸೋರಿದ ಬಿಸಿ ನೆಲಮಾಳಿಗೆಯಲ್ಲೇ ಉಳಿದು ಕೊನೆಗೆ ಮನೆಗೇ ಸೇರುತ್ತಿತ್ತು. ಅಲ್ಲದೆ ಒಳಗೆ ತಳ್ಳುವ ಒತ್ತಡವೇ ಇಲ್ಲದ ಕೊಳವೆಯಿಂದ ಸೋರುವುದೂ ಕಡಿಮೆ. 1930ರ ದಶಕದಲ್ಲಿ ವಿದ್ಯುತ್ ಫ್ಯಾನ್ ಬಂದು ಗಾಳಿಯನ್ನು ಒತ್ತಡದಿಂದ ತಳ್ಳುವ ಪದ್ಧತಿ ಹರಡಿತು. ನಾಳಗಳು ಕಿರಿದಾದವು, ಎಲ್ಲಿ ಬೇಕಾದರೂ ಹಾಯಿಸಬಹುದಾದವು. ಜೊತೆಗೆ ಪ್ರತಿ ಸಂದೂ ಗಾಳಿ ಚಿಮ್ಮುವ ಬಾಯಿಯಾಯಿತು.

ಎರಡನೆಯ ಮಹಾಯುದ್ಧದ ನಂತರ ಫ್ಲಾರಿಡಾ, ಟೆಕ್ಸಸ್, ಅರಿಝೋನಾ, ಕ್ಯಾಲಿಫೋರ್ನಿಯಾಗಳಲ್ಲಿ ಕಾಂಕ್ರೀಟ್ ಹಾಸಿನ ಮೇಲೆ ನೇರವಾಗಿ ನಿಲ್ಲಿಸಿದ, ನೆಲಮಾಳಿಗೆಯಿಲ್ಲದ ಮನೆಗಳು ಲಕ್ಷಗಟ್ಟಲೆ ಎದ್ದವು. ಏಸಿ ಸಾಮಾನ್ಯವಾಯಿತು. ನಾಳಗಳಿಗೆ ಉಳಿದ ಜಾಗ ಅಟ್ಟ ಒಂದೇ. ಬೇಸಿಗೆಯಲ್ಲಿ ಈ ಅಟ್ಟಗಳ ಉಷ್ಣತೆ 50 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ, ಮರುಭೂಮಿಯ ಊರುಗಳಲ್ಲಿ 60 ಡಿಗ್ರಿ ಮುಟ್ಟುವುದೂ ಉಂಟು. ಮನೆಯ ಅತಿ ತಂಪಾದ ಗಾಳಿಯನ್ನು ಮನೆಯ ಅತಿ ಬಿಸಿಯಾದ ಜಾಗದ ಮೂಲಕ ಸಾಗಿಸುವ ಈ ಏರ್ಪಾಟು ಆಧುನಿಕ ವಸತಿ ನಿರ್ಮಾಣದ ದೊಡ್ಡ ತಪ್ಪುಗಳಲ್ಲೊಂದು. ಅಗ್ಗವಾಗಿ, ಬೇಗನೆ ಕಟ್ಟಲು ಅನುಕೂಲವಾಯಿತೆಂಬ ಒಂದೇ ಕಾರಣಕ್ಕೆ ಅದು ರೂಢಿಯಾಗಿ ನಿಂತುಬಿಟ್ಟಿತು.

1973ರ ತೈಲ ಬಿಕ್ಕಟ್ಟಿನ ನಂತರ ಮನೆಗಳ ಶಕ್ತಿ ಎಲ್ಲಿ ಹೋಗುತ್ತಿದೆ ಎಂದು ಹುಡುಕುವ ಕೆಲಸ ಶುರುವಾಯಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ನ್ಯೂಜೆರ್ಸಿಯ ಟ್ವಿನ್ ರಿವರ್ಸ್ ಬಡಾವಣೆಯ ಮನೆಗಳನ್ನು ಪರೀಕ್ಷಿಸಿದಾಗ, ಅಟ್ಟದ ಕಡೆಗೆ ಹೋಗುವ ಶಾಖ ಲೆಕ್ಕದ ಪ್ರಕಾರ ಹೋಗಬೇಕಾದ್ದಕ್ಕಿಂತ ಬಹಳ ಹೆಚ್ಚೆಂದು ಕಂಡಿತು. ಗೋಡೆಯ ಪೊಳ್ಳುಗಳು, ಕೊಳವೆಗಳ ಸುತ್ತಲಿನ ಸಂದುಗಳು ಗಾಳಿಗೆ ಕಳ್ಳದಾರಿಯಾಗಿದ್ದವು. ಅಲ್ಲಿಯವರೆಗೆ ಸೋರಿಕೆ ಎಂದರೆ ಕಿಟಕಿ-ಬಾಗಿಲು ಎಂದಷ್ಟೇ ತಿಳಿದಿದ್ದರು. ಗಾಳಿನಾಳಗಳ ಸರದಿ ಬಂದದ್ದು 1980ರ ದಶಕದ ಕೊನೆಯಲ್ಲಿ. ಫ್ಲಾರಿಡಾದ ಸೌರಶಕ್ತಿ ಕೇಂದ್ರದ ಜೇಮ್ಸ್ ಕಮಿಂಗ್ಸ್ ಮತ್ತು ಸಂಗಡಿಗರು ಮಧ್ಯ ಫ್ಲಾರಿಡಾದ ಮನೆಗಳ ನಾಳಗಳನ್ನು ಪರೀಕ್ಷಿಸಿ, ಸೋರಿಕೆ ಮುಚ್ಚಿ, ಮುಂಚಿನ ಮತ್ತು ನಂತರದ ವಿದ್ಯುತ್ ಬಳಕೆಯನ್ನು ಹೋಲಿಸಿದರು. 1991ರಲ್ಲಿ ಅವರು ಪ್ರಕಟಿಸಿದ ಪ್ರಕಾರ ತಂಪು ಮಾಡುವ ವಿದ್ಯುತ್ತಿನಲ್ಲಿ ಸುಮಾರು ಶೇ. 18 ಉಳಿತಾಯವಾಗಿತ್ತು. ಯಂತ್ರ ಬದಲಿಸಿರಲಿಲ್ಲ, ಗೋಡೆ ಮುಟ್ಟಿರಲಿಲ್ಲ.

ಸೋರುವ ಜಾಗಗಳು

ನಾಳದ ಉದ್ದಕ್ಕೂ ಸೋರಿಕೆ ಇರುವುದಿಲ್ಲ. ಅದು ಜೋಡಣೆಗಳಲ್ಲಿ ಗುಂಪಾಗಿರುತ್ತದೆ. ಫ್ಯಾನು ಮತ್ತು ತಂಪಿನ ಸುರುಳಿ ಇರುವ ಪೆಟ್ಟಿಗೆಗೆ ಏರ್ ಹ್ಯಾಂಡ್ಲರ್ ಎನ್ನುತ್ತಾರೆ. ಒತ್ತಡ ಅತಿ ಹೆಚ್ಚಿರುವುದು ಅದರ ಅಕ್ಕಪಕ್ಕದಲ್ಲೇ ಆದ್ದರಿಂದ, ಅಲ್ಲಿನ ಬೆರಳಗಲದ ಸಂದು ದೂರದ ಕೋಣೆಯ ಬಳಿಯ ಅಂಗೈಯಗಲದ ತೂತಿನಷ್ಟೇ ಕೇಡು ಮಾಡಬಲ್ಲದು. ಯಂತ್ರಕ್ಕೆ ಅಂಟಿಕೊಂಡ ದೊಡ್ಡ ಪೆಟ್ಟಿಗೆಯಿಂದ ನಾಳಗಳು ಕವಲೊಡೆಯುವ ಕಡೆ ಎರಡನೆಯ ಜಾಗ. ಮೂರನೆಯದು, ನಾಳ ಚಾವಣಿಗೆ ಬಂದು ಕೋಣೆಯ ಜಾಲರಿಗೆ ಕೂಡುವ ಬಾಯಿ: ತಗಡಿನ ಪೆಟ್ಟಿಗೆಗೂ ಚಾವಣಿ ಹಲಗೆಗೂ ನಡುವೆ ಅರ್ಧ ಇಂಚು ಸಂದು ಬಿಟ್ಟು ಅದರ ಮೇಲೆ ಅಂದವಾದ ಜಾಲರಿ ಕೂರಿಸಿಬಿಟ್ಟರೆ ಯಾರಿಗೂ ಕಾಣುವುದಿಲ್ಲ.

ಇಂದಿನ ಮನೆಗಳಲ್ಲಿ ಹೆಚ್ಚಾಗಿರುವ ಫ್ಲೆಕ್ಸ್ ಡಕ್ಟ್ ತಂತಿಸುರುಳಿಯ ಮೇಲೆ ಪ್ಲಾಸ್ಟಿಕ್ ಪದರ ಎಳೆದು, ಸುತ್ತ ಗಾಜುನಾರಿನ ಹೊದಿಕೆ ಕೊಟ್ಟ ಮೆದು ಕೊಳವೆ. ಅದರ ಒಳಪದರವನ್ನು ತಗಡಿನ ಕುತ್ತಿಗೆಗೆ ಏರಿಸಿ, ಬಿಗಿದು ಕಟ್ಟಬೇಕು. ಬಹಳ ಕಡೆ ಹೊರಗಿನ ಹೊದಿಕೆಯನ್ನಷ್ಟೇ ಎಳೆದು ಕಟ್ಟಿ ಕೆಲಸ ಮುಗಿಸಿರುತ್ತಾರೆ; ಹೊರಗಿನಿಂದ ನೋಡಿದವರಿಗೆ ಜೋಡಣೆ ಅಚ್ಚುಕಟ್ಟು, ಒಳಗೆ ಕೊಳವೆ ಕಳಚಿಯೇ ಇರುತ್ತದೆ. ಇನ್ನು ನಾಳವನ್ನೇ ಹಾಕದೆ ಎರಡು ತೊಲೆಗಳ ನಡುವಿನ ಜಾಗಕ್ಕೆ ತಗಡು ಬಡಿದು, ಅಥವಾ ಗೋಡೆಯ ಪೊಳ್ಳನ್ನೇ ನಾಳವೆಂದುಕೊಂಡು ಗಾಳಿ ಎಳೆಯುವ ಹಳೆಯ ರೂಢಿಯೂ ಇದೆ. ಅಂಥ ಪೊಳ್ಳು ಅಟ್ಟಕ್ಕೋ ನೆಲದಡಿಗೋ ಬಾಯಿ ತೆರೆದುಕೊಂಡಿರುವುದು ಬಹುತೇಕ ಖಂಡಿತ.

ಸಪ್ಲೈ ಸೋರಿಕೆ, ರಿಟರ್ನ್ ಸೋರಿಕೆ

ಯಂತ್ರದಿಂದ ಕೋಣೆಗೆ ಗಾಳಿ ಒಯ್ಯುವುದು ಸಪ್ಲೈ ನಾಳ. ಕೋಣೆಯಿಂದ ಯಂತ್ರಕ್ಕೆ ಎಳೆದು ತರುವುದು ರಿಟರ್ನ್ ನಾಳ. ಮೊದಲನೆಯದರಲ್ಲಿ ಒತ್ತಡ ಹೊರಗಿಗಿಂತ ಹೆಚ್ಚು, ಎರಡನೆಯದರಲ್ಲಿ ಕಡಿಮೆ. ಆದ್ದರಿಂದ ಎರಡೂ ಸೋರುವ ರೀತಿ ಬೇರೆ, ತರುವ ತೊಂದರೆಯೂ ಬೇರೆ. ಈ ವ್ಯತ್ಯಾಸ ತಿಳಿಯದೆ ಮಾಡಿದ ರಿಪೇರಿ ಕೆಲವೊಮ್ಮೆ ಇದ್ದ ತೊಂದರೆಯನ್ನೇ ಹೆಚ್ಚಿಸುತ್ತದೆ.

ಸಪ್ಲೈ ಸೋರಿಕೆಯ ಲೆಕ್ಕ ನೇರವಾದದ್ದು. 3 ಟನ್ನಿನ ಯಂತ್ರ ನಿಮಿಷಕ್ಕೆ ಸುಮಾರು 1,200 ಘನ ಅಡಿ ಗಾಳಿ ದೂಡುತ್ತದೆ. ಅದರಲ್ಲಿ ಶೇ. 20 ಅಟ್ಟಕ್ಕೆ ಸೋರಿದರೆ ನಿಮಿಷಕ್ಕೆ 240, ಗಂಟೆಗೆ 14,400 ಘನ ಅಡಿ. ಎಂಟು ಅಡಿ ಎತ್ತರದ 2,000 ಚದರ ಅಡಿ ಮನೆಯೊಳಗಿನ ಒಟ್ಟು ಗಾಳಿಯೇ 16,000 ಘನ ಅಡಿ. ಎಂದರೆ ಯಂತ್ರ ಒಂದು ಗಂಟೆ ಓಡಿದರೆ ಹೆಚ್ಚುಕಡಿಮೆ ಒಂದು ಮನೆಯಷ್ಟು ತಂಪುಗಾಳಿ ಅಟ್ಟದ ಪಾಲಾಯಿತು. ವಿಷಯ ಇಲ್ಲಿಗೇ ಮುಗಿಯುವುದಿಲ್ಲ. ಮನೆಯಿಂದ ಅಷ್ಟು ಗಾಳಿ ಹೊರಗೆ ಹೋದರೆ ಒಳಗಿನ ಒತ್ತಡ ಕುಗ್ಗಿ, ಅಷ್ಟೇ ಗಾಳಿ ಹೊರಗಿನಿಂದ ಬಾಗಿಲಡಿ, ಸ್ವಿಚ್ ಪೆಟ್ಟಿಗೆ, ಗೋಡೆಯ ಬಿರುಕುಗಳಿಂದ ಒಳಗೆ ನುಗ್ಗುತ್ತದೆ. ಆ ಬಿಸಿಯ, ತೇವದ ಗಾಳಿಯನ್ನು ಯಂತ್ರ ಮತ್ತೆ ತಂಪು ಮಾಡಬೇಕು. ಒಂದೇ ಸೋರಿಕೆಗೆ ಮನೆಯವರು ಎರಡು ಸಲ ದುಡ್ಡು ತೆರುತ್ತಾರೆ.

ರಿಟರ್ನ್ ಸೋರಿಕೆ ಇನ್ನೂ ಕಪಟದ್ದು. ಎಳನೀರಿಗೆ ಹಾಕಿದ ಕೊಳವೆಯ ಪಕ್ಕದಲ್ಲಿ ತೂತಿದ್ದರೆ ಎಳೆದಾಗ ನೀರಿನ ಬದಲು ಗಾಳಿ ಬರುವಂತೆ, ಸೋರುವ ರಿಟರ್ನ್ ನಾಳ ಕೋಣೆಯ ಗಾಳಿಯ ಬದಲು ತಾನಿರುವ ಜಾಗದ ಗಾಳಿಯನ್ನೇ ಎಳೆಯುತ್ತದೆ. ಕೋಣೆಯ ಗಾಳಿ 25 ಡಿಗ್ರಿ, ಅಟ್ಟದ್ದು 50 ಡಿಗ್ರಿ ಎಂದುಕೊಳ್ಳೋಣ. ಎಳೆದ ಗಾಳಿಯಲ್ಲಿ ಹತ್ತನೇ ಒಂದು ಪಾಲು ಅಟ್ಟದ್ದಾದರೂ ಯಂತ್ರಕ್ಕೆ ಸೇರುವ ಗಾಳಿ 27.5 ಡಿಗ್ರಿಯಾಗುತ್ತದೆ. ಮನೆಯ ಏಸಿ ಒಂದು ಸುತ್ತಿನಲ್ಲಿ ಗಾಳಿಯನ್ನು ತಂಪು ಮಾಡುವುದು ಸುಮಾರು 11 ಡಿಗ್ರಿಯಷ್ಟು, ಅದರಲ್ಲಿ 2.5 ಡಿಗ್ರಿ ಬರೀ ಈ ಬೆರಕೆಯನ್ನು ಸರಿಪಡಿಸುವುದಕ್ಕೆ ಹೋಯಿತು. ಶೇ. 10ರ ಸೋರಿಕೆ ಯಂತ್ರದ ಕಸುವಿನಲ್ಲಿ ಸುಮಾರು ಕಾಲು ಪಾಲನ್ನು ನುಂಗಿತು. ತೇವದ ಲೆಕ್ಕ ಇದರಲ್ಲಿ ಇನ್ನೂ ಸೇರಿಲ್ಲ.

ಈ ಕಾರಣಕ್ಕೇ ಸೋರಿಕೆ ಎಷ್ಟು ಎಂಬ ಪ್ರಶ್ನೆಗಿಂತ ಎಲ್ಲಿ, ಯಾವ ನಾಳದಲ್ಲಿ ಎಂಬ ಪ್ರಶ್ನೆ ದೊಡ್ಡದು. ನಾಳಗಳೆಲ್ಲ ವಾಸದ ಕೋಣೆಗಳ ನಡುವೆಯೇ ಹಾದಿದ್ದರೆ ಶೇ. 20 ಸೋರಿದರೂ ಗಾಳಿ ಮನೆಯೊಳಗೇ ಇರುತ್ತದೆ. ಬಿಲ್ಲಿನಲ್ಲಿ ವ್ಯತ್ಯಾಸ ಅಲ್ಪ. ಅಟ್ಟದ ರಿಟರ್ನ್ ನಾಳದಲ್ಲಿ ಶೇ. 5 ಸೋರಿದರೂ ಮನೆ ಅದನ್ನು ಅನುಭವಿಸುತ್ತದೆ.

ಮುಚ್ಚಿದರೆ ಆಗುವ ಅನುಕೂಲ

ವಿದ್ಯುತ್ ಉಳಿತಾಯ ಎಲ್ಲರೂ ಹೇಳುವ ಮೊದಲ ಲಾಭ. ನಾಳಗಳನ್ನು ಸರಿಯಾಗಿ ಮುಚ್ಚಿ, ಹೊದಿಕೆ ಹಾಕಿದರೆ ವ್ಯವಸ್ಥೆಯ ದಕ್ಷತೆ ಶೇ. 20ರವರೆಗೆ ಸುಧಾರಿಸಬಹುದೆಂದು ಎನರ್ಜಿ ಸ್ಟಾರ್ ಹೇಳುತ್ತದೆ. ಇದು ಮೇಲಿನ ಮಿತಿ, ಪ್ರತಿ ಮನೆಗೂ ಸಿಗುವ ಭರವಸೆಯಲ್ಲ. ಸೆಕೆಯ ಊರು, ಅಟ್ಟದಲ್ಲಿ ನಾಳ, ಹಳೆಯ ಕೆಲಸ ಮೂರೂ ಸೇರಿದ ಕಡೆ ಉಳಿತಾಯ ಹೆಚ್ಚು. ಅಮೆರಿಕದ ರಾಷ್ಟ್ರೀಯ ಮಾನದಂಡ ಸಂಸ್ಥೆ ನಿಸ್ಟ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಏಸಿಯನ್ನೇ ತಿರುಗುಮುರುಗಾಗಿ ಓಡಿಸಿ ಮನೆ ಬೆಚ್ಚಗೆ ಮಾಡುವ ಹೀಟ್ ಪಂಪುಗಳ ಜೋಡಣೆಯಲ್ಲಿನ ದೋಷಗಳು ವರ್ಷದ ಶಕ್ತಿ ಬಳಕೆಯನ್ನು ಸುಮಾರು ಶೇ. 30ರವರೆಗೆ ಹೆಚ್ಚಿಸಬಲ್ಲವು, ನಾಳದ ಸೋರಿಕೆ ಅಂಥ ಮುಖ್ಯ ದೋಷಗಳಲ್ಲೊಂದು. ಫರ್ನೇಸಿಗೆ ಹೋಲಿಸಿದರೆ ಹೀಟ್ ಪಂಪು ಕೊಡುವ ಗಾಳಿಯ ಬಿಸಿ ಕಡಿಮೆ. ಸೋರಿಕೆಯಿಂದ ಮನೆ ಬೆಚ್ಚಗಾಗದಿದ್ದರೆ ಅದರೊಳಗಿನ ವಿದ್ಯುತ್ ಹೀಟರ್ ಶುರುವಾಗುತ್ತದೆ, ಬಿಲ್ಲು ಏಕಾಏಕಿ ಜಿಗಿಯುತ್ತದೆ. ಅನಿಲದ ಫರ್ನೇಸ್ ಬಿಟ್ಟು ಹೀಟ್ ಪಂಪಿಗೆ ಹೋಗುವವರು ಹೆಚ್ಚುತ್ತಿರುವಾಗ ಈ ಅಂಶಕ್ಕೆ ಮೊದಲಿಗಿಂತ ಹೆಚ್ಚು ತೂಕ ಬಂದಿದೆ.

ಮನೆಮಂದಿಗೆ ಮೊದಲು ಗೊತ್ತಾಗುವುದು ಮಾತ್ರ ಬಿಲ್ಲಲ್ಲ, ದೂರದ ಕೋಣೆ. ಯಂತ್ರದಿಂದ ಬಹಳ ದೂರವಿರುವ ಮಲಗುವ ಕೋಣೆಗೆ ಕೊನೆಗೂ ಗಾಳಿ ತಲುಪುತ್ತದೆ. ಆ ಒಂದು ಕೋಣೆಗಾಗಿ ಥರ್ಮೋಸ್ಟಾಟನ್ನು ಎರಡು ಡಿಗ್ರಿ ಇಳಿಸಿಟ್ಟುಕೊಂಡು ಉಳಿದ ಮನೆಯಲ್ಲಿ ಚಳಿ ಹಿಡಿಸಿಕೊಳ್ಳುವುದು ತಪ್ಪುತ್ತದೆ.

ತೇವದ ವಿಚಾರ ಕರಾವಳಿ ಊರುಗಳಲ್ಲಿ ಗಂಭೀರವಾದದ್ದು. ಫ್ಲಾರಿಡಾ, ಲೂಸಿಯಾನಾದಂಥ ಕಡೆ ಸಪ್ಲೈ ಸೋರಿಕೆಯಿಂದ ಒಳಗಿನ ಒತ್ತಡ ಕುಗ್ಗಿದಾಗ ಹೊರಗಿನ ತೇವದ ಗಾಳಿ ಗೋಡೆಯೊಳಗಿನಿಂದ ಹಾದುಬರುತ್ತದೆ. ಏಸಿಯಿಂದ ತಣ್ಣಗಾದ ಒಳಗೋಡೆಯ ಹಿಂಬದಿಗೆ ಅದು ತಗುಲಿ ನೀರಾಗುತ್ತದೆ. ಒಳಗೋಡೆಗೆ ವಿನೈಲ್ ವಾಲ್‌ಪೇಪರ್ ಅಂಟಿಸಿದ್ದರೆ ಆ ತೇವ ಆರಲು ದಾರಿಯಿಲ್ಲದೆ ಕಾಗದದ ಹಿಂದೆ ಬೂಷ್ಟು ಹಬ್ಬುತ್ತದೆ. ಗೋಡೆ ತೊಳೆದು ಬಣ್ಣ ಹೊಡೆದರೆ ಇದು ನಿಲ್ಲುವುದಿಲ್ಲ. ಗಾಳಿ ಎಳೆಯುವ ಕಾರಣವನ್ನು ಅಟ್ಟದಲ್ಲಿ ಹುಡುಕಬೇಕು. ಚಳಿ ನಾಡಿನಲ್ಲಿ ಇದರದೇ ಇನ್ನೊಂದು ರೂಪವಿದೆ: ಅಟ್ಟಕ್ಕೆ ಸೋರಿದ ಬಿಸಿಗಾಳಿ ಮಾಡಿನ ಮೇಲಿನ ಹಿಮವನ್ನು ಕರಗಿಸುತ್ತದೆ, ನೀರು ಹರಿದು ತಣ್ಣನೆಯ ಸೂರಿನಂಚಿನಲ್ಲಿ ಮತ್ತೆ ಹೆಪ್ಪುಗಟ್ಟಿ ಕಟ್ಟೆಯಾಗುತ್ತದೆ, ಹಿಂದೆ ನಿಂತ ನೀರು ಮಾಡಿನೊಳಕ್ಕೆ ಇಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಉಸಿರಾಡುವ ಗಾಳಿಗೆ. ರಿಟರ್ನ್ ನಾಳ ಗ್ಯಾರೇಜಿನ ಮೂಲಕ ಹಾದಿದ್ದರೆ ಕಾರಿನ ಹೊಗೆ, ಪೆಟ್ರೋಲಿನ ಆವಿ, ಬಣ್ಣದ ಡಬ್ಬಿಗಳ ವಾಸನೆ ನೇರವಾಗಿ ಮಲಗುವ ಕೋಣೆಗೆ ಬರಬಹುದು. ನೆಲದಡಿಯ ಟೊಳ್ಳಿನಲ್ಲಿ ಹಾದಿದ್ದರೆ ಮಣ್ಣಿನ ತೇವ, ಇಲಿ-ಹೆಗ್ಗಣಗಳ ಗಲೀಜು, ಜೊತೆಗೆ ನೆಲದಿಂದ ಹೊಮ್ಮುವ ರೇಡಾನ್ ಅನಿಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಪ್ರಕಾರ ಆ ದೇಶದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ನಂತರದ ದೊಡ್ಡ ಕಾರಣ ರೇಡಾನ್. ವರ್ಷಕ್ಕೆ ಸುಮಾರು 21,000 ಸಾವುಗಳಿಗೆ ಅದು ಕಾರಣವೆಂದು ಅಂದಾಜು. ನಾಳ ಮುಚ್ಚಿದ ಮಾತ್ರಕ್ಕೆ ರೇಡಾನ್ ತೊಲಗುವುದಿಲ್ಲ, ಅದಕ್ಕೆ ಬೇರೆಯೇ ಏರ್ಪಾಟು ಬೇಕು. ಆದರೆ ಅದನ್ನು ಫ್ಯಾನಿನಿಂದ ಎಳೆದು ಮನೆಗೆಲ್ಲ ಹಂಚುವುದನ್ನಾದರೂ ನಿಲ್ಲಿಸಬಹುದು. ಫಿಲ್ಟರಿನ ನಂತರದ ಸಂದಿನಿಂದ ನುಗ್ಗಿದ ಧೂಳು ಸೋಸಿಕೊಳ್ಳದೆಯೇ ಕೋಣೆ ಸೇರುತ್ತದೆ. ದುಬಾರಿ ಫಿಲ್ಟರ್ ಹಾಕಿದರೂ ಧೂಳು ಕಡಿಮೆಯಾಗದ ಮನೆಗಳಲ್ಲಿ ಮೊದಲು ನೋಡಬೇಕಾದ ಜಾಗ ಇದು.

ನಾಳಗಳನ್ನು ತೊಳೆಸುವ ವ್ಯಾಪಾರ ಇದರ ಪಕ್ಕದಲ್ಲೇ ಬೆಳೆದಿದೆ. ಅದು ಕಾಯಿಲೆ ತಡೆಯುತ್ತದೆ ಎಂಬುದು ಸಾಬೀತಾಗಿಲ್ಲವೆಂದು ಇಪಿಎ ಸ್ಪಷ್ಟವಾಗಿ ಹೇಳಿದೆ. ಧೂಳು ಬರುವ ಬಾಯಿ ಮುಚ್ಚದೆ ಧೂಳು ಗುಡಿಸಿ ಪ್ರಯೋಜನವಿಲ್ಲ. ಎರಡರಲ್ಲಿ ಒಂದಕ್ಕೇ ಹಣವಿದ್ದರೆ ಸೋರಿಕೆ ಮುಚ್ಚುವುದಕ್ಕೆ ಹಾಕುವುದು ಲೇಸು.

ಅಳೆಯುವ ವಿಧಾನ

ನಾಳದ ಸೋರಿಕೆಯನ್ನು ಅಳೆಯಲು ಗಾಳಿಯ ಹರಿವು ನಿಖರವಾಗಿ ತಿಳಿಯುವಂಥ ಫ್ಯಾನು ಬೇಕು. ಮಿನಿಯಾಪೊಲಿಸ್‌ನ ಎನರ್ಜಿ ಕನ್ಸರ್ವೆಟರಿ ಸಂಸ್ಥೆಯ ಡಕ್ಟ್ ಬ್ಲಾಸ್ಟರ್ ಎಂಬ ಉಪಕರಣ ಈ ಕೆಲಸದಲ್ಲಿ ಹೆಸರಾಗಿದೆ. ಮನೆಯ ಎಲ್ಲ ಜಾಲರಿಗಳನ್ನೂ ಟೇಪಿನಿಂದ ಮುಚ್ಚಿ, ಈ ಫ್ಯಾನಿನಿಂದ ನಾಳಗಳಿಗೆ ಗಾಳಿ ತುಂಬಿ ಒಳಗಿನ ಒತ್ತಡವನ್ನು 25 ಪ್ಯಾಸ್ಕಲ್‌ಗೆ ತಂದು ನಿಲ್ಲಿಸುತ್ತಾರೆ. ಆ ಒತ್ತಡ ಇಳಿಯದಂತೆ ಹಿಡಿದಿಡಲು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಬೇಕಾಯಿತೋ ಅಷ್ಟೂ ಸೋರುತ್ತಿದೆ ಎಂದರ್ಥ. ಇದು ಒಟ್ಟು ಸೋರಿಕೆ. ಹೊರಗೆ ಹೋಗುವುದನ್ನಷ್ಟೇ ಬೇರ್ಪಡಿಸಿ ತಿಳಿಯಲು ಒಂದು ಜಾಣ ಉಪಾಯವಿದೆ: ಮುಂಬಾಗಿಲಿಗೆ ಇನ್ನೊಂದು ದೊಡ್ಡ ಫ್ಯಾನು ಕಟ್ಟಿ ಇಡೀ ಮನೆಯನ್ನೂ ಅದೇ 25 ಪ್ಯಾಸ್ಕಲ್‌ಗೆ ಏರಿಸುತ್ತಾರೆ. ಆಗ ನಾಳಕ್ಕೂ ಕೋಣೆಗೂ ಒತ್ತಡದಲ್ಲಿ ಅಂತರವಿಲ್ಲದ್ದರಿಂದ ಅವುಗಳ ನಡುವೆ ಗಾಳಿ ಹರಿಯುವುದಿಲ್ಲ. ಆಮೇಲೂ ಸೋರುವುದೆಲ್ಲ ಅಟ್ಟಕ್ಕೋ ನೆಲದಡಿಗೋ ಹೊರಗೋ ಹೋಗುವ ಗಾಳಿಯೇ. ಹಣ ಉಳಿಸುವ ದೃಷ್ಟಿಯಿಂದ ಕೇಳಬೇಕಾದ ಅಂಕಿ ಈ ಎರಡನೆಯದು.

ಮನೆಯವರೇ ಮಾಡಬಹುದಾದ ಪರೀಕ್ಷೆಯೂ ಇದೆ. ಯಂತ್ರದ ಫ್ಯಾನು ಓಡುತ್ತಿರುವಾಗ ಹಚ್ಚಿದ ಊದುಬತ್ತಿಯನ್ನು ಜೋಡಣೆಗಳ ಬಳಿ ಹಿಡಿದರೆ ಸಪ್ಲೈ ಕಡೆ ಹೊಗೆ ಚದುರುತ್ತದೆ, ರಿಟರ್ನ್ ಕಡೆ ಒಳಗೆ ಎಳೆದುಕೊಳ್ಳುತ್ತದೆ. ಅಟ್ಟದಲ್ಲಿ ನಾಳದ ಮೇಲಿನ ಗಾಜುನಾರಿನ ಹೊದಿಕೆ ಕೆಲವೆಡೆ ಕಪ್ಪಾಗಿದ್ದರೆ, ಅದು ಸೋರುವ ಗಾಳಿಯ ಧೂಳನ್ನು ಸೋಸಿ ಹಿಡಿದ ಗುರುತು. ಅಟ್ಟದಲ್ಲಿ ಹೊದಿಕೆಯ ಹತ್ತಿರ ಕಿಡಿ ಬೀಳದಂತೆ ಎಚ್ಚರವಿರಬೇಕು. ಅಲ್ಲಿ ಊದುಬತ್ತಿಗಿಂತ ಒದ್ದೆ ಕೈಯೇ ಸುರಕ್ಷಿತ.

ಯಾವುದರಿಂದ ಮುಚ್ಚಬೇಕು

ಬೆಳ್ಳಿ ಬಣ್ಣದ ಬಟ್ಟೆಯ ಡಕ್ಟ್ ಟೇಪು ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ, ಆದರೆ ಈ ಕೆಲಸಕ್ಕೆ ಅದು ಬೇಡ. ಅದು ಹುಟ್ಟಿದ್ದು ನಾಳಗಳಿಗಾಗಿ ಅಲ್ಲ. ಇಲಿನಾಯ್ ರಾಜ್ಯದ ಮದ್ದುಗುಂಡಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ವೆಸ್ಟಾ ಸ್ಟೌಟ್ ಎಂಬ ಮಹಿಳೆ, ಕಾಡತೂಸಿನ ಪೆಟ್ಟಿಗೆಗಳನ್ನು ಗಟ್ಟಿಯಾದ ಬಟ್ಟೆಯ ಟೇಪಿನಿಂದ ಮುಚ್ಚಬೇಕೆಂದು 1943ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಪತ್ರ ಬರೆದರು. ಅವರ ಇಬ್ಬರು ಮಕ್ಕಳು ನೌಕಾಪಡೆಯಲ್ಲಿದ್ದರು. ಜಾನ್ಸನ್ ಅಂಡ್ ಜಾನ್ಸನ್ ಆ ಟೇಪನ್ನು ತಯಾರಿಸಿತು. ಯುದ್ಧದ ನಂತರ ಅದು ಮನೆ ಕಟ್ಟುವವರ ಕೈಸೇರಿತು. 1998ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಮ್ಯಾಕ್ಸ್ ಶೆರ್ಮನ್ ಮತ್ತು ಇಯನ್ ವಾಕರ್ ಬಗೆಬಗೆಯ ಟೇಪು, ಅಂಟುಗಳನ್ನು ಬಿಸಿ-ತಂಪಿನ ಸತತ ಆವರ್ತನೆಗೆ ಒಡ್ಡಿ ನೋಡಿದರು. ರಬ್ಬರ್ ಅಂಟಿನ ಬಟ್ಟೆ ಟೇಪು ಬಿಟ್ಟು ಉಳಿದವು ಬಹುಮಟ್ಟಿಗೆ ಬಾಳಿದವು. ಅದೊಂದು ಮಾತ್ರ ಬೇಗನೆ ಕಿತ್ತುಬಂತು. ಅಂಟು ಒಣಗಿ, ಬಟ್ಟೆ ಕುಗ್ಗಿ, ಟೇಪು ನಾಳದಿಂದ ಜಾರಿಬೀಳುವುದನ್ನು ಹಳೆಯ ಅಟ್ಟಗಳಲ್ಲಿ ಈಗಲೂ ನೋಡಬಹುದು.

ಬಾಳಿಕೆ ಬರುವುದು ಮ್ಯಾಸ್ಟಿಕ್. ಇದು ನೀರಿನಲ್ಲಿ ಕಲಸಿದ ದಪ್ಪ ಅಂಟುಲೇಪ. ಬಕೆಟ್ಟಿನಲ್ಲಿ ಬರುತ್ತದೆ, ಬ್ರಷ್ಷಿನಲ್ಲೋ ಕೈಗವಸು ಹಾಕಿದ ಕೈಯಲ್ಲೋ ಬಳಿಯುತ್ತಾರೆ. ಸುಮಾರು ಎರಡು ಮಿಲಿಮೀಟರ್ ದಪ್ಪಕ್ಕೆ, ಕೆಳಗಿನ ತಗಡು ಕಾಣದಂತೆ ಬಳಿಯಬೇಕು. ಕಾಲಿಂಚಿಗಿಂತ ಅಗಲವಾದ ಸಂದಿಗೆ ಮೊದಲು ಗಾಜುನಾರಿನ ಜಾಲಪಟ್ಟಿ ಹಾಕಿ ಅದರ ಮೇಲೆ ಬಳಿಯಬೇಕು. ಕೆಲಸ ಕೊಳಕು, ಅಟ್ಟದಲ್ಲಿ ತೆವಳಿಕೊಂಡು ಮಾಡಬೇಕಾದದ್ದು. ಆದರೆ ಒಮ್ಮೆ ಒಣಗಿದರೆ ನಾಳ ಇರುವಷ್ಟು ಕಾಲ ಇರುತ್ತದೆ. ಮುಂದೆ ಬಿಚ್ಚಬೇಕಾಗುವ ಕಡೆ, ಎಂದರೆ ಯಂತ್ರದ ಪೆಟ್ಟಿಗೆಯ ಬಾಗಿಲ ಅಂಚಿಗೆ, ಯುಎಲ್ 181 ಎಂಬ ಗುಣಮಟ್ಟದ ಗುರುತಿರುವ ಅಲ್ಯೂಮಿನಿಯಂ ಹಾಳೆಯ ಟೇಪು ಸಾಕು. ಫ್ಲೆಕ್ಸ್ ಡಕ್ಟಿಗೆ ಒಳಪದರಕ್ಕೇ ಮ್ಯಾಸ್ಟಿಕ್ ಬಳಿದು, ನೈಲಾನ್ ಪಟ್ಟಿಯನ್ನು ಬಿಗಿಯುವ ಉಪಕರಣದಿಂದ ಬಿಗಿದು, ಆಮೇಲೆ ಹೊದಿಕೆ ಎಳೆಯುವುದು ಸರಿಯಾದ ಕ್ರಮ.

ಗೋಡೆಯೊಳಗೆ ಹುದುಗಿದ, ಕೈ ತಲುಪದ ನಾಳಗಳಿಗೆ ಅದೇ ಬರ್ಕ್ಲಿ ಪ್ರಯೋಗಾಲಯದಲ್ಲಿ ಮಾರ್ಕ್ ಮೊಡೆರಾ 1990ರ ದಶಕದಲ್ಲಿ ಬೇರೊಂದು ವಿಧಾನ ರೂಪಿಸಿದರು. ಏರೋಸೀಲ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಜಾಲರಿಗಳನ್ನೆಲ್ಲ ಮುಚ್ಚಿ, ವಿನೈಲ್ ಪಾಲಿಮರಿನ ಅತಿ ಸೂಕ್ಷ್ಮ ಕಣಗಳನ್ನು ಗಾಳಿಯೊಂದಿಗೆ ನಾಳದೊಳಗೆ ತೇಲಿಬಿಡುತ್ತಾರೆ. ಗಾಳಿಗೆ ಹೊರಹೋಗಲು ಸಂದು ಬಿಟ್ಟರೆ ಬೇರೆ ದಾರಿಯಿಲ್ಲ. ಸಂದಿನ ಬಳಿ ಗಾಳಿ ಥಟ್ಟನೆ ತಿರುಗಿ ಹೊರಬೀಳುವಾಗ, ಅದರಷ್ಟು ಬೇಗ ತಿರುಗಲಾಗದ ಕಣಗಳು ಸಂದಿನ ಅಂಚಿಗೆ ಬಡಿದು ಅಂಟಿಕೊಳ್ಳುತ್ತವೆ. ಒಂದರ ಮೇಲೊಂದು ಕೂತು ಸಂದನ್ನು ಮುಚ್ಚುತ್ತವೆ. ಸುಮಾರು 16 ಮಿಲಿಮೀಟರ್‌ವರೆಗಿನ ತೂತುಗಳನ್ನು ಹೀಗೆ ಮುಚ್ಚಬಹುದು, ಸೋರಿಕೆ ಇಳಿಯುತ್ತ ಹೋಗುವುದು ಕಂಪ್ಯೂಟರ್ ಪರದೆಯ ಮೇಲೆ ಕಾಣುತ್ತದೆ. ಕಳಚಿಬಿದ್ದ ನಾಳವನ್ನು ಇದು ಜೋಡಿಸಲಾರದು. ಅದನ್ನು ಮೊದಲು ಕೈಯಿಂದಲೇ ಸರಿಪಡಿಸಬೇಕು. ಅಟ್ಟಕ್ಕೆ ಹತ್ತಲು ಜಾಗವಿರುವ ಮನೆಗೆ ಮ್ಯಾಸ್ಟಿಕ್ ಅಗ್ಗ ಮತ್ತು ಸಾಕಷ್ಟಾಯಿತು. ಕೈ ತಲುಪದ ಕಡೆ ಮಾತ್ರ ಈ ದುಬಾರಿ ವಿಧಾನಕ್ಕೆ ಅರ್ಥವಿದೆ.

ಮುಚ್ಚುವ ಮೊದಲು, ಮುಚ್ಚಿದ ಮೇಲೆ

ಸಪ್ಲೈ ಸೋರಿಕೆ ಮನೆಯ ಒತ್ತಡವನ್ನು ಇಳಿಸುತ್ತದೆ, ರಿಟರ್ನ್ ಸೋರಿಕೆ ಏರಿಸುತ್ತದೆ. ಹಳೆಯ ಮನೆಗಳಲ್ಲಿ ಇವೆರಡೂ ಒಂದನ್ನೊಂದು ಸರಿದೂಗಿಸಿಕೊಂಡಿರುವುದುಂಟು. ಕೈಗೆ ಸುಲಭವಾಗಿ ಸಿಗುವ ರಿಟರ್ನ್ ನಾಳವನ್ನಷ್ಟೇ ಮುಚ್ಚಿ ಅಟ್ಟದ ಸಪ್ಲೈ ನಾಳವನ್ನು ಬಿಟ್ಟರೆ ಒತ್ತಡ ಮೊದಲಿಗಿಂತ ಇಳಿಯುತ್ತದೆ. ಮನೆಯೊಳಗೆ ಚಿಮಣಿಗೆ ತೆರೆದುಕೊಂಡ ಗ್ಯಾಸ್ ಗೀಸರ್ ಅಥವಾ ಫರ್ನೇಸ್ ಇದ್ದರೆ ಇದು ಪ್ರಾಣಾಪಾಯದ ವಿಷಯ. ಕೆಲವೇ ಪ್ಯಾಸ್ಕಲ್ ಒತ್ತಡ ಇಳಿದರೂ ಚಿಮಣಿಯ ಹೊಗೆ ಮೇಲೇರದೆ ಹಿಂದಕ್ಕೆ ಬಂದು, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕೋಣೆ ತುಂಬಬಹುದು. ಎರಡೂ ಬದಿಗಳನ್ನು ಒಟ್ಟಿಗೇ ಮುಚ್ಚಬೇಕು, ಮುಗಿದ ಮೇಲೆ ಚಿಮಣಿಯ ಎಳೆತವನ್ನು ಪರೀಕ್ಷಿಸಲೇಬೇಕು, ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಬೇಕು. ಈ ಮೂರರಲ್ಲಿ ರಿಯಾಯಿತಿ ಇಲ್ಲ.

ರಿಟರ್ನ್ ನಾಳ ಕಿರಿದಾಗಿದ್ದ ಮನೆಯಲ್ಲಿ ಸೋರಿಕೆಯೇ ಯಂತ್ರಕ್ಕೆ ಗಾಳಿ ಒದಗಿಸುತ್ತಿರಬಹುದು. ಅದನ್ನು ಮುಚ್ಚಿದಾಗ ಫ್ಯಾನಿಗೆ ಗಾಳಿ ಸಾಲದೆ ತಂಪಿನ ಸುರುಳಿಯ ಮೇಲೆ ಮಂಜು ಕಟ್ಟುತ್ತದೆ. ಆಗ ಇನ್ನೊಂದು ರಿಟರ್ನ್ ಜಾಲರಿ ತೆರೆಯಬೇಕಾಗುತ್ತದೆ. ಹಾಗೆಯೇ, ಕೆಲವು ದಶಕಗಳ ಹಿಂದಿನ ಮನೆಗಳ ನಾಳಗಳ ಮೇಲೆ ಬಿಳಿಯ ಕಾಗದದಂಥ ಪಟ್ಟಿ ಅಥವಾ ಹೊದಿಕೆ ಕಂಡರೆ ಅದು ಕಲ್ನಾರು, ಎಂದರೆ ಆಸ್ಬೆಸ್ಟಾಸ್ ಇರಬಹುದು. ಅದನ್ನು ಕೀಳಬಾರದು, ಉಜ್ಜಬಾರದು. ಪರೀಕ್ಷೆ ಮಾಡಿಸಿ ತರಬೇತಾದವರಿಗೆ ಒಪ್ಪಿಸಬೇಕು.

ನಿಯಮಗಳು

ಕ್ಯಾಲಿಫೋರ್ನಿಯಾ ಈ ವಿಷಯದಲ್ಲಿ ಮುಂದೆ ನಡೆಯಿತು. 2005ರ ಅಕ್ಟೋಬರಿನಿಂದ ಅಲ್ಲಿನ ಹಲವು ಹವಾಮಾನ ವಲಯಗಳಲ್ಲಿ ಹಳೆಯ ಯಂತ್ರ ಬದಲಿಸುವವರು ನಾಳಗಳನ್ನೂ ಪರೀಕ್ಷಿಸಿ, ಸೋರಿಕೆಯನ್ನು ಶೇ. 15ಕ್ಕಿಂತ ಕೆಳಗೆ ಇಳಿಸಬೇಕಾಯಿತು. ಯಂತ್ರ ಹೇಗೂ ಬಿಚ್ಚಿರುವ ಹೊತ್ತಿನಲ್ಲೇ ಈ ಕೆಲಸವನ್ನೂ ಮಾಡಿಸುವ ಈ ನಿಯಮ ಬಹಳ ವಿವೇಕದ್ದು. ಹಲವು ರಾಜ್ಯಗಳು ಅನುಸರಿಸುವ ಅಂತರರಾಷ್ಟ್ರೀಯ ಶಕ್ತಿ ಸಂರಕ್ಷಣಾ ಸಂಹಿತೆ 2009ರ ಆವೃತ್ತಿಯಲ್ಲಿ ವಾಸದ ಭಾಗದ ಹೊರಗೆ ಹಾದ ನಾಳಗಳಿಗೆ ಪರೀಕ್ಷೆ ಕಡ್ಡಾಯ ಮಾಡಿತು. 2012ರ ಆವೃತ್ತಿ 100 ಚದರ ಅಡಿಗೆ ನಿಮಿಷಕ್ಕೆ 4 ಘನ ಅಡಿ ಎಂಬ ಮಿತಿ ಹಾಕಿತು. 2,000 ಚದರ ಅಡಿ ಮನೆಗೆ ಅದು 80 ಘನ ಅಡಿಯಾಗುತ್ತದೆ. ಸ್ವೀಡನ್ನಿನಲ್ಲಿ ವಾತಾಯನ ನಾಳಗಳ ಬಿಗಿತದ ನಿಯಮ 1960ರ ದಶಕದಿಂದಲೇ ಇದೆ. ಅಲ್ಲಿ ಕಾರ್ಖಾನೆಯಲ್ಲೇ ರಬ್ಬರ್ ಉಂಗುರ ಕೂರಿಸಿದ ದುಂಡು ನಾಳಗಳನ್ನು ಒಂದಕ್ಕೊಂದು ತುರುಕಿದರೆ ಸಾಕು, ಬಳಿಯುವ ಕೆಲಸವೇ ಇಲ್ಲ. ಸೋರಿಕೆ ತಂತ್ರಜ್ಞಾನದ ಅನಿವಾರ್ಯ ಗುಣವಲ್ಲ, ಕೆಲಸಗಾರಿಕೆಯ ಮತ್ತು ತಪಾಸಣೆಯ ಪ್ರಶ್ನೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಕನ್ನಡ ಓದುಗರಿಗೆ

ಕರ್ನಾಟಕದ ಮನೆಗಳಿಗೆ ಈ ಸಮಸ್ಯೆ ಬಹುಮಟ್ಟಿಗೆ ತಟ್ಟುವುದಿಲ್ಲ. ಇಲ್ಲಿನ ಏಸಿಗಳು ಹೆಚ್ಚಾಗಿ ಕೋಣೆಗೊಂದರಂತೆ ಹಾಕುವ ಸ್ಪ್ಲಿಟ್ ಯಂತ್ರಗಳು. ಅವಕ್ಕೆ ನಾಳವೇ ಇಲ್ಲ. ಕಚೇರಿ, ಆಸ್ಪತ್ರೆ, ಚಿತ್ರಮಂದಿರಗಳಲ್ಲಿ ಮತ್ತು ಬೆಂಗಳೂರಿನ ಕೆಲವು ದೊಡ್ಡ ವಿಲ್ಲಾಗಳಲ್ಲಿ ಫಾಲ್ಸ್ ಸೀಲಿಂಗ್ ಮೇಲೆ ಡಕ್ಟ್ ಹಾಯಿಸುತ್ತಾರೆ. ಅಂಥ ಮನೆ ಕಟ್ಟಿಸುವವರು ಸೀಲಿಂಗ್ ಹಲಗೆ ಮುಚ್ಚುವ ಮೊದಲೇ ನಾಳದ ಜೋಡಣೆಗಳಿಗೆ ಲೇಪ ಹಾಕಿಸಿ, ಫ್ಯಾನು ಓಡಿಸಿ ನೋಡಬೇಕು. ಆಮೇಲೆ ಅದು ಕೈಗೆ ಸಿಗುವುದಿಲ್ಲ.

ಈ ವಿಷಯ ನೇರವಾಗಿ ಮುಟ್ಟುವುದು ಟೆಕ್ಸಸ್, ಅರಿಝೋನಾ, ಫ್ಲಾರಿಡಾ, ಕ್ಯಾಲಿಫೋರ್ನಿಯಾಗಳಲ್ಲಿ ಮನೆ ಕೊಂಡಿರುವ, ಕೊಳ್ಳಲಿರುವ ಕನ್ನಡಿಗರನ್ನು. ಮನೆ ಕೊಳ್ಳುವಾಗ ನಡೆಯುವ ಮಾಮೂಲಿ ತಪಾಸಣೆಯಲ್ಲಿ ನಾಳದ ಸೋರಿಕೆಯನ್ನು ಸಾಮಾನ್ಯವಾಗಿ ಅಳೆಯುವುದಿಲ್ಲ. ಅದನ್ನು ಬೇರೆಯಾಗಿಯೇ ಕೇಳಿ ಮಾಡಿಸಬೇಕು. ರೆಸ್‌ನೆಟ್ ಅಥವಾ ಬಿಪಿಐ ಸಂಸ್ಥೆಯ ಪ್ರಮಾಣಪತ್ರವಿರುವ ಪರೀಕ್ಷಕರು ಈ ಕೆಲಸ ಬಲ್ಲರು. ನಿಮ್ಮ ಊರಿನ ವಿದ್ಯುತ್ ಕಂಪನಿ ಇದಕ್ಕೆ ರಿಯಾಯಿತಿ ಕೊಡುತ್ತದೆಯೇ ಎಂದು ಮೊದಲೇ ವಿಚಾರಿಸಿ. ಏಸಿ ಸಾಲದು, ದೊಡ್ಡದು ಹಾಕಿಸಿ ಎಂದು ಯಾರಾದರೂ ಹೇಳಿದರೆ ಅದರ ಕರಾರಿಗೆ ಸಹಿ ಹಾಕುವ ಮುನ್ನ ನಾಳಗಳನ್ನು ಪರೀಕ್ಷೆ ಮಾಡಿಸಿ. ಕೆಲಸಕ್ಕೆ ಮೊದಲಿನ ಸೋರಿಕೆ ಎಷ್ಟು, ಮುಗಿದ ಮೇಲೆ ಎಷ್ಟು ಎಂಬ ಎರಡು ಅಂಕಿಗಳನ್ನು ಬರಹದಲ್ಲಿ ಪಡೆಯಿರಿ, ಅವು ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ.